ಸುಲ್ತಾನನಿಗೂ ಇಲ್ಲದ ಹಕ್ಕು

ಬೀದರ ಕೋಟೆಯ ಗೈಡ್ ಶಿವರಾಜಪ್ಪನವರ ಕೈಗೆ ಸಿಕ್ಕ ಪ್ರವಾಸಿ ಒಮ್ಮೆ ಸುಲ್ತಾನನಾಗದೆ ಹೊರಗೆ ಬಂದದ್ದಿಲ್ಲ. ಔರಾದದ ಕಾಳಿನ ವ್ಯಾಪಾರಿಯಿರಲಿ, ಭಾಲ್ಕಿಯ ಹೆಡ್‌ಮಾಸ್ತರರಿರಲಿ, ಹಿಡಿದು ಮುರುಕು ಕಟ್ಟೆಯ ಮೇಲೆ ಕೂರಿಸಿ, ತಮ್ಮ ಹೆಗಲ ಟವೆಲ್ಲನ್ನೇ ಅವರ ತಲೆಗೆ ಸುತ್ತಿ, ತಾವು ಕೆಳಗೆ ಕೈಕಟ್ಟಿ ನಿಲ್ಲುತ್ತಾರೆ. “ಹುಜೂರ್, ನಿಮ್ಮ ಕುದುರಿ ಕದ್ದೇನ್ರಿ” ಎಂದರೆ ಮಾಫ್. “ನಿಮಗ ಬೈದೇನ್ರಿ” ಎಂದರೆ ಅದೂ ಮಾಫ್. ವರ್ಷವಿಡೀ ಹುಡುಗರನ್ನು ಬಿಸಿಲಲ್ಲಿ ನಿಲ್ಲಿಸುವ ಮಾಸ್ತರರೂ ಆ ಕಟ್ಟೆ ಹತ್ತಿದರೆ ಕರುಣಾಮಯಿಗಳೇ. “ಒಬ್ಬನ್ನ ಕೊಂದೇನ್ರಿ” ಎಂದಾಗಲೂ ಅವರ ಕೈ ಅಭಯಕ್ಕೆ ಏಳುತ್ತದೆ. ಆಗ ಶಿವರಾಜಪ್ಪ ಟವೆಲ್ ಬಿಚ್ಚಿಕೊಳ್ಳುತ್ತಾರೆ. “ಇಳೀರಿ ಕೆಳಗ. ಇದು ನಿಮ್ಮ ಕೈಯಾಗಿಲ್ರಿ. ಆಗಿನ ಷರಿಯತ್ ಕಾನೂನಿನ್ಯಾಗ ಕೊಲಿಗಾರಗ ಮಾಫಿ ಕೊಡೋ ಹಕ್ಕು ಸತ್ತವನ ಮನಿಯವ್ರದು. ಅವನ ಅವ್ವ ಬಾಯಿ ಬಿಡೋತನ ಸುಲ್ತಾನನೂ ಕಾಯಬೇಕ್ರಿ.” “ಅವ್ವ ಏನಂದ್ಳು?” ಎಂದು ಎಲ್ಲರೂ ಕೇಳುತ್ತಾರೆ. ತೋಪಿನ ತೂಕದಿಂದ ಬೇಗಮರ ಅಡುಗೆಯವರೆಗೆ ಏನು ಕೇಳಿದರೂ, ಹುಟ್ಟಿಸಿಯಾದರೂ ಉತ್ತರ ಕೊಡುವ ಮನುಷ್ಯ ಇಲ್ಲಿ ಮಾತ್ರ “ಗೊತ್ತಿಲ್ರಿ” ಎನ್ನುತ್ತಾರೆ. ನೌಬಾದದ ಅವರ ಮನೆಗೆ ತಿಂಗಳಿಗೊಮ್ಮೆ ಒಬ್ಬ ಟೆಂಪೋ ಡ್ರೈವರ್ ಬಂದು ಪಡಸಾಲೆಯಲ್ಲಿ ತಲೆತಗ್ಗಿಸಿ ಕೂರುತ್ತಾನೆ. ಮೂರು ವರ್ಷದ ಹಿಂದೆ ಜನವಾಡದ ರಸ್ತೆಯಲ್ಲಿ ಅವರ ಮಗನ ಬೈಕಿಗೆ ಗುದ್ದಿದವನು. ಮಗ ಉಳಿಯಲಿಲ್ಲ. ಶಿವರಾಜಪ್ಪನವರ ಹೆಂಡತಿ ಕಸ್ತೂರಿಬಾಯಿ ಮಾತಿಲ್ಲದೆ ಅವನ ಮುಂದೆ ಚಹಾ ಇಟ್ಟು ಒಳಗೆ ಹೋಗುತ್ತಾರೆ. ಶಿವರಾಜಪ್ಪ ಟವೆಲ್ಲನ್ನು ತೊಡೆಯ ಮೇಲಿಟ್ಟುಕೊಂಡು, ಅವನ ಪಕ್ಕದಲ್ಲೇ ಕೂತು, ಅಡುಗೆಮನೆಯ ಬಾಗಿಲನ್ನು ನೋಡುತ್ತಿರುತ್ತಾರೆ.