ವೈಫೈ ಹಿಡಿದ ಹೋರಿ

ಉಡುತಡಿಯ ಉಚ್ಚಂಗಪ್ಪನ ಮುಂದೆ ಏನು ಬೇಕಾದರೂ ಅನ್ನಬಹುದು, ಅವನ ಹೋರಿಯನ್ನು ಯಾರೋ ಹಿಡಿದರು ಅಂತ ಮಾತ್ರ ಅನ್ನಬಾರದು. ಹೋರಿ ಹಬ್ಬದಲ್ಲಿ ಕೊಬ್ಬರಿ ಹಾರ ಕಟ್ಟಿ ಬಿಟ್ಟರೆ, ಹಿಡಿಯಲು ನಿಂತ ಜನರನ್ನೆಲ್ಲ ಸೀಳಿಕೊಂಡು ಹಾರದ ಸಮೇತ ಆಚೆ ದಾಟುವ ಹೋರಿ ಅದು. ಹೆಸರು ಸಿಡಿಲು. ಒಡೆಯನೂ ಹಾಗೆಯೇ, ಮೂಗಿನ ತುದಿಯಲ್ಲೇ ಕೋಪ.

ಅನ್ನಬಾರದ ಆ ಮಾತನ್ನು ಅಂದುಬಿಟ್ಟವನು ಹೆಂಡತಿ ರಾಜೇಶ್ವರಮ್ಮನ ತಮ್ಮ ಚನ್ನೇಶ. ಚಂದ್ರಗುತ್ತಿಯಿಂದ ಊಟಕ್ಕೆ ಬಂದವನು ಹೋಳಿಗೆ ಮುರಿಯುತ್ತಾ, “ಭಾವ, ಈ ಸಲ ಸಿಡಿಲನ್ನ ನಮ್ಮ ಸೊರಬದ ಕಡೆ ಹುಡುಗ್ರು ಹಿಡಿದ್ರಂತಲ್ಲ?” ಎಂದ.

“ಯಾವನ್ಲೇ ಅಂದವ್ನು? ಧನ್ಯಾ, ವಿಡಿಯೋ ಹಾಕು! ಫೋನಿನಾಗಲ್ಲ, ಟಿವಿಯಾಗೆ ಹಾಕು. ನಿಮ್ಮ ಮಾವಂಗೆ ಕಣ್ತುಂಬ ಕಾಣ್ಲಿ!”

ಹಬ್ಬದ ದಿನ ಮಾಳಿಗೆ ಹತ್ತಿ ವಿಡಿಯೋ ತೆಗೆದವಳು ಮಗಳು ಧನ್ಯಾ. ಅದನ್ನು ವೈಫೈನಲ್ಲಿ ಟಿವಿಗೆ ಕಳಿಸಲು ಕೂತಳು. ಸ್ವಲ್ಪ ಹೊತ್ತಿಗೆ, “ಹಿಡೀತು ಅಪ್ಪಾ, ಹಿಡೀತು!” ಎಂದು ಕೂಗಿದಳು.

“ಯಾರೂ ಹಿಡಿದಿಲ್ಲ!” ಉಚ್ಚಂಗಪ್ಪ ಎದ್ದೇ ನಿಂತ.

“ಅಯ್ಯೋ, ಟಿವಿ ಫೋನನ್ನ ಹಿಡೀತು ಅಂದೆ!”

ಪರದೆಯ ಮೇಲೆ ಸಿಡಿಲು ಓಡಿತು. ಕೆಂಪು ಬನಿಯನ್ನಿನವನೊಬ್ಬ ಹಾರಿ ಅದರ ಡುಬ್ಬಕ್ಕೆ ಕೈ ಹಾಕಿದ. ಅಷ್ಟರಲ್ಲಿ ಚಿತ್ರ ನಿಂತಿತು. ನಡುವೆ ಬಿಳಿ ಚಕ್ರ ಗಿರಗಿರ ತಿರುಗತೊಡಗಿತು.

“ಹಿಡಿದ ನೋಡಿ ಭಾವ! ಅಲ್ಲಾಡಕ್ಕೂ ಬಿಡ್ತಿಲ್ಲ.”

“ಲೇ, ನಿಂತಿದ್ದು ಹೋರಿ ಅಲ್ಲ, ವೈಫೈ!”

“ಹುಡುಗ ಹಿಡಿದ್ನೋ ವೈಫೈ ಹಿಡೀತೋ, ಒಟ್ಟು ಹಿಡಿದಿದ್ದು ಹೌದಲ್ಲ?”

ಧನ್ಯಾ ಪೆನ್‌ಡ್ರೈವಿಗೆ ಹಾಕಿ ಟಿವಿಗೆ ಚುಚ್ಚಿದಳು. ಕೇಕೆ, ಸಿಳ್ಳೆ ಎಲ್ಲಾ ಕೇಳಿತು, ಪರದೆ ಮಾತ್ರ ಎಮ್ಮೆಯ ಬೆನ್ನಿನ ಹಾಗೆ ಕಪ್ಪಗಿತ್ತು. “ಇದೇನು, ರೇಡಿಯೋ ಹೋರಿನಾ?” ಎಂದ ಚನ್ನೇಶ.

ಉಚ್ಚಂಗಪ್ಪನ ಪಿತ್ತ ನೆತ್ತಿಗೇರಿತು. ಬೈಕ್ ಹತ್ತಿ ಶಿರಾಳಕೊಪ್ಪಕ್ಕೆ ಹೋದವನು ಫೋನಿನಿಂದ ಟಿವಿಗೆ ನೇರ ಹಾಕುವ ವೈರು ತಂದ. “ಹಗ್ಗ ಇಲ್ದೆ ದನ ಹೆಂಗ್ ಬರ್ತದೆ? ಹಾಕು ಹಗ್ಗ!”

ಈ ಸಲ ವಿಡಿಯೋ ಎಲ್ಲೂ ನಿಲ್ಲಲಿಲ್ಲ. ಕೆಂಪು ಬನಿಯನ್ ಕೈ ಹಾಕಿತು, ಜಾರಿತು, ಮಣ್ಣು ಮುಕ್ಕಿತು. ಸಿಡಿಲು ಹಾರ ಹೊತ್ತು ದಾಟಿತು.

“ನೋಡಿದ್ಯೇನಲೇ!” ಉಚ್ಚಂಗಪ್ಪ ಮೀಸೆ ತಿರುವಿದ.

ಆದರೆ ವಿಡಿಯೋ ಇನ್ನೂ ಮುಗಿದಿರಲಿಲ್ಲ. ಗೆದ್ದ ಹೋರಿ ಒಡೆಯನನ್ನು ಕಂಡ ಸಡಗರಕ್ಕೆ ಅವನ ಕಡೆಗೇ ನುಗ್ಗಿತು. ಫೋನಿನಲ್ಲಿ ಇರುವೆಯಷ್ಟಿದ್ದು ಯಾರ ಕಣ್ಣಿಗೂ ಬೀಳದಿದ್ದದ್ದು ಟಿವಿಯಲ್ಲಿ ಢಾಳಾಗಿ ಕಂಡಿತು: ಎತ್ತಿ ಹಿಡಿದ ಪಂಚೆ, ಬರಿಗಾಲು, ಟ್ರ್ಯಾಕ್ಟರ್ ಹತ್ತಿ ಹೆಂಗಸರ ಹಿಂದೆ ಅವಿತುಕೊಳ್ಳುತ್ತಿರುವ ಉಚ್ಚಂಗಪ್ಪ.

“ಚಪ್ಲಿ ಯಾರೋ ಕದ್ರು ಅಂದಿದ್ರಲ್ರೀ?” ಎಂದಳು ರಾಜೇಶ್ವರಮ್ಮ.

ಮತ್ತೊಂದು ಹೋಳಿಗೆ ಬಾಯಿಗಿಟ್ಟಿದ್ದ ಚನ್ನೇಶನಿಗೆ ಅದು ನೆತ್ತಿಗೆ ಹತ್ತಿತು. ಸುಧಾರಿಸಿಕೊಂಡು, “ಒಪ್ಪಿದೆ ಭಾವ. ಹೋರಿನ ಯಾರೂ ಹಿಡಿದಿಲ್ಲ. ನಿಮ್ಮನ್ನೂ ಯಾರೂ ಹಿಡಿಯಕ್ಕಾಗಲ್ಲ ಬಿಡಿ. ಈ ವಿಡಿಯೋ ನಂಗೂ ಬೇಕು. ನಮ್ಮನೆ ಟಿವಿ ಇದಕ್ಕಿಂತ ದೊಡ್ಡದು” ಎಂದ.

ಉಚ್ಚಂಗಪ್ಪ ವೈರು ಕಿತ್ತು, ಸುರುಳಿ ಸುತ್ತಿ ಜೇಬಿಗಿಳಿಸಿದ.

“ಕೊಡು ಧನ್ಯಾ, ನಿಮ್ಮ ಮಾವಂಗೆ. ಪೆನ್‌ಡ್ರೈವಿನಾಗೇ ಕೊಡು.”