ಪ್ರೊಫೆಸರನ್ನು ಕೊಡುವ ಮುಂಚೆ

ಎಪ್ಪತ್ತರ ದಶಕದ ಮಾತು. ನಮ್ಮ ಭೂವಿಜ್ಞಾನ ವಿಭಾಗದಲ್ಲಿ ಬಂಡೆಗಳ ಮಡಿಕೆ, ಬಿರುಕುಗಳ ಪಾಠ ಹೇಳುವ ಪ್ರೊಫೆಸರ್ ಇಲ್ಲದೆ ಹುಡುಗರು ಗಲಾಟೆ ಎಬ್ಬಿಸಿದ್ದರು. ಆ ಹುದ್ದೆಗೆ ತಕ್ಕವರೊಬ್ಬರು ರಾಮದುರ್ಗದ ಹತ್ತಿರ ಸಾಲಹಳ್ಳಿಯಲ್ಲಿ, ಗಂಗವ್ವ ಎಂಬ ಮುದುಕಿಯ ಮನೆಯಲ್ಲಿ ಉಳಿದು ಗುಡ್ಡ ಅಳೆಯುತ್ತಿದ್ದರು. ಕರೆತರಲು ನನ್ನನ್ನು ಅಟ್ಟಿದರು.

ನಾನು ಗ್ರಂಥಾಲಯ, ಪ್ರಯೋಗಾಲಯ ಎಂದು ವರ್ಣಿಸುತ್ತಿದ್ದರೆ ಅವರು ಅಂಗಳದಲ್ಲಿ ಕಲ್ಲು ತೊಳೆಯುತ್ತ, "ಗಂಗವ್ವನ್ನ ಕೇಳ್ರಿ" ಎಂದುಬಿಟ್ಟರು.

ಗಂಗವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲೇ ಇಲ್ಲ. "ಮನಿ ನೋಡಲಾರದಂಗ ಹೆಣ್ಣು ಕೊಡತಾರೇನ್ರಿ? ಇವರನ್ನೂ ಹಂಗ ಕೊಡಾಂಗಿಲ್ಲ."

"ಯವ್ವಾ, ಇದು ನೌಕರಿ!"

"ಅಲ್ಲೂ ಉಣ್ಣಬೇಕಲ್ರಿ?"

ಮುಂದಿನ ವಾರ ಮಗ, ಸೊಸೆಯ ಸಮೇತ ಬಂದೇಬಿಟ್ಟಳು. ಪ್ರೊಫೆಸರಿಗೆಂದಿಟ್ಟ ಕ್ವಾರ್ಟರ್ಸಿನ ಅಡುಗೆಮನೆ ಹೊಕ್ಕು ನೋಡಿದಳು, ನಳ ತಿರುವಿದಳು. ಕಡೆಗೆ ಅಂಗಳದಲ್ಲಿ ನಿಂತು, "ಒಂದ ಗುಡ್ಡನೂ ಇಲ್ಲಲ್ರಿ!" ಎಂದಾಗ ಸಂಬಂಧ ಮುರಿಯಿತೆಂದೇ ಅಂದುಕೊಂಡೆ.

"ಹೋಗ್ಲಿ. ನಾಗರ ಪಂಚಮಿಗೆ ಮಾತ್ರ ನಮ್ಮಲ್ಲಿಗೆ ಕಳಸಬೇಕು ನೋಡ್ರಿ."

ಒಪ್ಪಿದೆ. ಪ್ರತಿ ಪಂಚಮಿಗೂ ನಮ್ಮ ಪ್ರೊಫೆಸರು ಸುತ್ತಿಗೆ ಚೀಲ ಹೆಗಲಿಗೇರಿಸಿ ತವರಿಗೆ ಹೊರಡುತ್ತಿದ್ದರು. ವಾಪಸ್ ಬರುವಾಗ ಅದೇ ಚೀಲದಲ್ಲಿ ಮೇಲೆ ಕಲ್ಲು, ಕೆಳಗೆ ಗಂಗವ್ವನ ಶೇಂಗಾ ಉಂಡಿ. ಬೀಗನಾದ ನನ್ನ ಪಾಲಿಗೆ ಬರುತ್ತಿದ್ದದ್ದು ಪುಡಿ ಮಾತ್ರ.