ಸೇತುವೆ ಪುಸ್ತಕದ ಸಣ್ಣಕ್ಷರಗಳು

ಮೂವತ್ತು ವರ್ಷ ಅಚ್ಚುಮನೆಯಲ್ಲಿ ಕರಡು ತಿದ್ದಿ ನಿವೃತ್ತರಾದ ಅವರನ್ನು ಎಲ್ಲರೂ ಕರೆಯುತ್ತಿದ್ದುದು ಟಿಪ್ಪಣಿಯವರು ಎಂದೇ. ಹವಾಮಾನದ ಬಗ್ಗೆ ಕೇಳಿದರೂ ಅವರು ನಾಲ್ಕು ಉಪಕಥೆ ಹೇಳದೆ ಬಿಡುತ್ತಿರಲಿಲ್ಲ. ಎಂಜಿನಿಯರ್ ಸಾಹೇಬರು ಬರೆದ ಸೇತುವೆಗಳ ಚರಿತ್ರೆಯಲ್ಲಿ ಪುಟದ ಮೇಲ್ಭಾಗವೆಲ್ಲ ಸಾಹೇಬರದು. ತಳದ ಸಣ್ಣಕ್ಷರ ಇವರದು. ಯಾವ ಕಂಬಕ್ಕೆ ಯಾರು ಕಲ್ಲು ಕಡೆದರು, ಯಾರು ನೀರಿಗೆ ಬಿದ್ದರು ಎಂದು ಹಳೆಯ ಹಾಜರಿ ಪುಸ್ತಕಗಳನ್ನು ಕೆದಕಿ ಬರೆದ ಇನ್ನೂರ ಹನ್ನೆರಡು ಅಡಿಟಿಪ್ಪಣಿಗಳು. ಅವನ್ನು ಓದಿದವರು ಇವರೊಬ್ಬರೇ.

ಈಗ ಪುಸ್ತಕವನ್ನು ವೆಬ್ ಪುಟವಾಗಿಸುತ್ತಿದ್ದವಳು ಅವರ ಸೊಸೆ.

“ಈ ಅಂಕೆ ಮುಟ್ಟಿ ಮಾವ.”

ಮುಟ್ಟಿದರು. ಪುಟ ಸರ್ರನೆ ಕೆಳಗಿಳಿದು ಟಿಪ್ಪಣಿಯ ಮುಂದೆ ನಿಂತಿತು. ಪಕ್ಕದ ಬಾಣ ಮುಟ್ಟಿದರೆ ಬಿಟ್ಟ ಸಾಲಿಗೇ ವಾಪಸು. ಬಿಟ್ಟ ಸಾಲು ತಪ್ಪದಂತೆ ಬೆರಳಿಟ್ಟುಕೊಂಡು ಪುಟ ಮಗುಚಿದ ಜೀವ ಅದು. ಬಾಯಿ ತೆರೆದವರು ಮುಚ್ಚಲು ಮರೆತರು.

“ಎಲ್ಲಿ ಬಿಟ್ಟಿದ್ದೆ ಅಂತ ಅದಕ್ಕೆ ನೆನಪಿರುತ್ತೇನಮ್ಮ?”

“ನಿಮಗಿಂತ ಚೆನ್ನಾಗಿ.”

ಮರುದಿನ ಬೆಳಿಗ್ಗೆ ಸಾಹೇಬರು ಬಂದರು. ಐದನೆಯ ಅಧ್ಯಾಯದಲ್ಲಿ, ತಮ್ಮದೇ ಕಮಾನಿನ ವರ್ಣನೆಯ ಮೇಲಿದ್ದ ಒಂದನೆಯ ಅಂಕೆ ಮುಟ್ಟಿದರು. ಮೊದಲ ಅಧ್ಯಾಯದ ಟಿಪ್ಪಣಿಯಲ್ಲಿದ್ದ ದೋಣಿಯವನ ಮೇಕೆಯ ಕಥೆ ಎದುರಾಯಿತು.

“ನನ್ನ ಕಮಾನಿಗೂ ಈ ಮೇಕೆಗೂ ಏನ್ರೀ ಸಂಬಂಧ? ಟಿಪ್ಪಣಿ ಎಲ್ಲ ಕಿತ್ತಾಕಿ. ಮಧ್ಯಾಹ್ನ ಬಂದು ನೋಡ್ತೀನಿ.”

ಟಿಪ್ಪಣಿಯವರ ಮುಖ ಬಾಡಿತು. ತಪ್ಪು ಅವರದೇ. ಅಚ್ಚುಮನೆಯ ರೂಢಿಯಂತೆ ಪ್ರತಿ ಅಧ್ಯಾಯದಲ್ಲೂ ಮತ್ತೆ ಒಂದರಿಂದ ಎಣಿಸಿದ್ದರು. ಸೊಸೆ ಆ ಅಂಕೆಗಳನ್ನೇ ಟಿಪ್ಪಣಿಗಳ ವಿಳಾಸವಾಗಿ ಬರೆದಿದ್ದಳು. ಹತ್ತು ಅಧ್ಯಾಯಗಳ ಹತ್ತು ಒಂದುಗಳಲ್ಲಿ ಪುಟ ಮೊದಲು ಸಿಕ್ಕಿದ ಒಂದಕ್ಕೇ ಹೋಗುತ್ತಿತ್ತು.

“ಹತ್ತು ಬೀದೀಲೂ ಒಂದನೇ ನಂಬರಿನ ಮನೆ ಇದೆಯಲ್ಲಮ್ಮ,” ಎಂದರು ಅವರು. “ಬೀದಿ ಹೆಸರೂ ಸೇರಿಸಿಬಿಡು.”

“ಅಯ್ಯೋ ಮಾವ, ಅಷ್ಟೇ ಬೇಕಿದ್ದದ್ದು.”

ಒಳಗಿನ ವಿಳಾಸಕ್ಕೆ ಅಧ್ಯಾಯದ ಸಂಖ್ಯೆಯನ್ನೂ ಸೇರಿಸಿದಳು. ಓದುಗರಿಗೆ ಕಾಣುವ ಅಂಕೆ ಇದ್ದಂತೆಯೇ ಉಳಿಯಿತು. ಟಿಪ್ಪಣಿಯವರು ಕೆಂಪು ಪೆನ್ಸಿಲು ಹಿಡಿದು ಇನ್ನೂರ ಹನ್ನೆರಡನ್ನೂ ಮುಟ್ಟಿದರು: ಇಳಿದರು, ಹತ್ತಿದರು, ಅಚ್ಚಿನ ಪ್ರತಿಯಲ್ಲಿ ಗುರುತು ಹಾಕಿದರು. ಪ್ರತಿ ಸಲ ಬಿಟ್ಟ ಸಾಲಿಗೇ ಮರಳಿದಾಗ “ಆಹಾ” ಎಂದರು. ಊಟ ತಣ್ಣಗಾಯಿತು.

ಮಧ್ಯಾಹ್ನ ಸಾಹೇಬರು ನಿಂತುಕೊಂಡೇ ತಮ್ಮ ಕಮಾನಿನ ಅಂಕೆ ಮುಟ್ಟಿದರು. ಆ ಕಮಾನಿನ ನೆತ್ತಿಯಲ್ಲಿ ಎರಡು ಸಲ ಕುಸಿದ ಕೀಲುಗಲ್ಲನ್ನು ಮೂರನೆಯ ಸಲ ಕೂರಿಸಿದ ಕಲ್ಲುಕುಟಿಗನ ಹೆಸರು ಬಂತು. ಆ ದಿನ ಅವನ ಮಗಳು ಹುಟ್ಟಿದ್ದಳೆಂದೂ ಇತ್ತು. ಸಾಹೇಬರು ಬಾಣ ಮುಟ್ಟಿ ತಮ್ಮ ಸಾಲಿಗೆ ಮೇಲೆ ಹೋದರು. ಮತ್ತೆ ಕೆಳಗಿಳಿದರು.

“ಇದು ನನ್ನ ಪುಸ್ತಕದಲ್ಲಿ ಇತ್ತಾ?”

“ಇಪ್ಪತ್ತು ವರ್ಷದಿಂದ ಇದೆ ಸರ್.”

ಸಾಹೇಬರು ಕುರ್ಚಿ ಎಳೆದುಕೊಂಡು ಕೂತರು. ಎರಡನೆಯ ಅಂಕೆ ಮುಟ್ಟಿದರು.